ಊರ ತಿಪ್ಪೆ, ಸರಕಾರದ ತಿಪ್ಪೆ



ಮೂರು ದಶಕಗಳಿಗೂ ಮಿಕ್ಕಿ ಇತಿಹಾಸವನ್ನು ಪಾಠ ಹೇಳಿದವನು ನಾನು. ಆ ಅವಧಿಯಲ್ಲಿ ಚಾಲುಕ್ಯರು, ರಾಷ್ಟ್ರಕೂಟರು, ಪೇಶ್ವೆಗಳು, ಸಹಾಯಕ ಸೈನ್ಯ ಪದ್ಧತಿ ಎಂದು ಕರಿಹಲಗೆ ತುಂಬ ಬರೆದದ್ದುಂಟು. ಪಠ್ಯಕ್ರಮ ಬೇಡಿದ್ದು ಅದನ್ನೇ. ನಿವೃತ್ತಿಯ ನಂತರ ಪಠ್ಯಕ್ರಮದ ಹಂಗಿಲ್ಲ. ಆದುದರಿಂದ ಈ ಸಲ ಒಂದು ವಿಚಿತ್ರ ವಿಷಯವನ್ನು ಆರಿಸಿಕೊಂಡಿದ್ದೇನೆ. ವಿಷಯ ತಿಪ್ಪೆ! ಅದರಲ್ಲಿಯೂ ಸರಕಾರದ ತಿಪ್ಪೆ. ಸಾರ್ವಜನಿಕ ಜಾಗದಲ್ಲಿ ಉದುರಿದ ಎಲೆ, ಕಸ, ಕಡ್ಡಿಗಳನ್ನು ಸಾರ್ವಜನಿಕ ಜಾಗದಲ್ಲಿಯೇ ಗೊಬ್ಬರ ಮಾಡಬೇಕೆಂದು ನಮ್ಮ ಸರಕಾರಗಳು ಸುಮಾರು ನೂರು ವರ್ಷಗಳಿಂದ ಹೇಳುತ್ತಲೇ ಬಂದಿವೆ. ಹೇಳಿದ್ದು ಎಷ್ಟರಮಟ್ಟಿಗೆ ನಡೆಯಿತು, ಏಕೆ ನಡೆಯಲಿಲ್ಲ, ನಡೆದಾಗ ಅದರ ಭಾರ ಯಾರ ತಲೆಯ ಮೇಲೆ ಬಿತ್ತು ಎಂಬುದನ್ನು ನೋಡಹೋದರೆ ಅದೂ ಇತಿಹಾಸವೇ.

ತಿಪ್ಪೆ ಎಂದೊಡನೆ ಮೂಗು ಮುಚ್ಚಿಕೊಳ್ಳಬೇಡಿರಿ. ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಶಾಲೆಗಳ ಹಾಜರಿ ಪುಸ್ತಕಗಳಲ್ಲಿ ತಿಪ್ಪಣ್ಣ, ತಿಪ್ಪವ್ವ ಎಂಬ ಹೆಸರುಗಳು ಎಷ್ಟು ಸಾಮಾನ್ಯವಾಗಿದ್ದವೆಂಬುದು ನಿಮಗೆ ನೆನಪಿರಬಹುದು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ, ಮತ್ತೆ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ಎತ್ತಿಕೊಂಡು ಆ ಹೆಸರಿಡುತ್ತಿದ್ದರು. ಗಡಿಯಾಚೆಯ ಮರಾಠಿಯಲ್ಲಿ ತಿಪ್ಪೆಗೆ ‘ಉಕಿರಡಾ’ ಎನ್ನುತ್ತಾರೆ. ಅಲ್ಲಿಯೂ ಆ ಶಬ್ದದಿಂದಲೇ ಮಕ್ಕಳಿಗೆ ಹೆಸರಿಡುವ ವಾಡಿಕೆಯಿತ್ತು. ದೀಪಾವಳಿಯಲ್ಲಿ ತಿಪ್ಪೆಗೂ ಒಂದು ಹಣತೆ ಹಚ್ಚಿಡುವ ಮನೆಗಳು ಇಂದಿಗೂ ಇವೆ. ಮೃತ್ಯುವು ಮುಟ್ಟಲಾರದ ಸ್ಥಳವೆಂದೋ, ಕೊಳೆತದ್ದರಿಂದಲೇ ಜೀವ ಹುಟ್ಟುವ ಸ್ಥಳವೆಂದೋ, ಜನರು ಅದಕ್ಕೆ ಒಂದು ಗೌರವವನ್ನಂತೂ ಕೊಟ್ಟಿದ್ದರು.

ಹಳೆಯ ವ್ಯವಸ್ಥೆ ಸರಳವಾಗಿತ್ತು. ಊರ ಅಂಚಿನಲ್ಲಿ, ಹಲವೆಡೆ ಗಾಯರಾಣದ ಮಗ್ಗುಲಲ್ಲಿ, ಮನೆಗೊಂದು ತಿಪ್ಪೆ. ದನದ ಸಗಣಿ, ಒಲೆಯ ಬೂದಿ, ಅಂಗಳದ ಕಸ, ದನಗಳು ತಿಂದು ಬಿಟ್ಟ ಕಣಿಕೆ, ಬೇವು ಹುಣಸೆಗಳ ತರಗೆಲೆ ಎಲ್ಲವೂ ಅಲ್ಲಿ ಸೇರುತ್ತಿದ್ದವು. ಮುಂಗಾರಿಗೆ ಮುಂಚೆ ಚಕ್ಕಡಿ ಹೂಡಿ ಹೊಲಕ್ಕೆ ಹೇರಿದರೆ ಮುಗಿಯಿತು. ಇದರಲ್ಲಿ ಸರಕಾರಕ್ಕೆ ಕೆಲಸವೇ ಇರಲಿಲ್ಲ. ಮಲೆನಾಡಿನ ಕತೆ ಮಾತ್ರ ಬೇರೆ. ಉತ್ತರ ಕನ್ನಡದಲ್ಲಿ ಅಡಿಕೆ ತೋಟಿಗರಿಗೆ ಸರಕಾರಿ ಕಾಡಿನಿಂದ ಸೊಪ್ಪು, ತರಗು ತರಲು ‘ಸೊಪ್ಪಿನಬೆಟ್ಟ’ಗಳನ್ನು ಬಿಟ್ಟುಕೊಡಲಾಗಿತ್ತು. ದಕ್ಷಿಣ ಕನ್ನಡ, ಕಾಸರಗೋಡುಗಳಲ್ಲಿ ಹಳೆಯ ಪಟ್ಟಾಭೂಮಿಯ ಸುತ್ತ ನೂರು ಗಜದೊಳಗಿನ ಸರಕಾರಿ ಜಾಗದಲ್ಲಿ ‘ಕುಮ್ಕಿ’ ಹಕ್ಕು ಇತ್ತು. ಅಂದರೆ ಎಲೆ ಸರಕಾರದ್ದು, ಗೊಬ್ಬರ ರೈತನದು. ನಮ್ಮ ಎರೆಯ ಬಯಲಿನಲ್ಲಿ ಬೆಟ್ಟವೂ ಇಲ್ಲ, ಕಾಡೂ ಇಲ್ಲ. ಸಾಲುಮರಗಳು, ಬೇಲಿಯ ಜಾಲಿ, ಶಾಲೆ ಕಚೇರಿಗಳ ಆವರಣದ ಬೇವು, ಇಷ್ಟೇ ನಮ್ಮ ‘ಸೊಪ್ಪಿನಬೆಟ್ಟ’.

ಬ್ರಿಟಿಷ್ ಸರಕಾರವು ತಿಪ್ಪೆಯ ಕಡೆಗೆ ಮೊದಲು ತಿರುಗಿ ನೋಡಿದ್ದು ಗೊಬ್ಬರಕ್ಕಾಗಿ ಅಲ್ಲ, ರೋಗದ ಭಯದಿಂದ. 1850ರ ಕಾಯಿದೆಯ ನಂತರ ಮುಂಬಯಿ ಇಲಾಖೆಯ ಪಟ್ಟಣಗಳಲ್ಲಿ ಮುನಸಿಪಾಲಿಟಿಗಳು ಹುಟ್ಟಿಕೊಂಡವು. ಬೆಳಗಾವಿ ಜಿಲ್ಲೆಯಲ್ಲಿ ಅಥಣಿ, ನಿಪ್ಪಾಣಿಗಳ ಪುರಸಭೆಗಳು ಹಳೆಯವುಗಳ ಸಾಲಿಗೆ ಸೇರಿದವು. ಕಾಲರಾ, ಅನಂತರ 1896ರಲ್ಲಿ ಮುಂಬಯಿಗೆ ಬಂದು ನಮ್ಮ ಸೀಮೆಗೂ ಹಬ್ಬಿದ ಪ್ಲೇಗು, ಇವುಗಳ ದೆಸೆಯಿಂದ ‘ತಿಪ್ಪೆಯನ್ನು ಊರಾಚೆಗೆ ಹಾಕು’ ಎಂಬುದೇ ಆಡಳಿತದ ಮಂತ್ರವಾಯಿತು. ಆದರೆ ಅದೇ ಸರಕಾರದ ಇನ್ನೊಂದು ಕೈ ಬೇರೆಯದನ್ನೇ ಬರೆಯುತ್ತಿತ್ತು. 1889ರಲ್ಲಿ ಭಾರತದ ಒಕ್ಕಲುತನವನ್ನು ಪರೀಕ್ಷಿಸಲು ಬಂದ ರಸಾಯನಶಾಸ್ತ್ರಜ್ಞ ಜಾನ್ ಅಗಸ್ಟಸ್ ವೋಲ್ಕರ್ ಎಂಬವರು 1893ರಲ್ಲಿ ಪ್ರಕಟವಾದ ತಮ್ಮ ವರದಿಯಲ್ಲಿ, ಈ ದೇಶದ ರೈತನಿಗೆ ಒಕ್ಕಲುತನ ಗೊತ್ತಿಲ್ಲವೆಂಬ ಮಾತನ್ನು ಒಪ್ಪಲಿಲ್ಲ. ಉರುವಲಿಗೆ ಕಟ್ಟಿಗೆ ಸಿಗದೆ ಸಗಣಿಯನ್ನು ಸುಡಬೇಕಾಗಿರುವುದೇ ದೊಡ್ಡ ಕೊರತೆ ಎಂದರು. ಪುಣೆಯಲ್ಲಿ ಪುರಸಭೆಯು ಮಲವನ್ನು ಬೂದಿ ಮಣ್ಣುಗಳೊಡನೆ ಒಣಗಿಸಿ ಮಾರುತ್ತಿದ್ದ ಗೊಬ್ಬರವನ್ನು ಕಬ್ಬಿನ ಬೆಳೆಗಾರರು ಮೊದಮೊದಲಿನ ಮಡಿವಂತಿಕೆ ಬಿಟ್ಟು ಕೊಂಡೊಯ್ಯುತ್ತಿದ್ದುದನ್ನೂ ಅವರು ಗಮನಿಸಿದರು. ಆರೋಗ್ಯ ಇಲಾಖೆಗೆ ಯಾವುದು ಪೀಡೆಯೋ ಕೃಷಿ ಇಲಾಖೆಗೆ ಅದೇ ಸಂಪತ್ತು! ಈ ಎರಡು ಕೈಗಳ ನಡುವಿನ ಎಳೆದಾಟ ಇಂದಿಗೂ ಮುಗಿದಿಲ್ಲ.

ತಿಪ್ಪೆಗೆ ಶಾಸ್ತ್ರದ ಸ್ಥಾನ ಸಿಕ್ಕಿದ್ದು ಇಂದೂರಿನಲ್ಲಿ. 1905ರಲ್ಲಿ ಭಾರತಕ್ಕೆ ಬಂದು ಬಿಹಾರದ ಪೂಸಾದಲ್ಲಿ ಕೆಲಸ ಮಾಡಿದ್ದ ಆಲ್ಬರ್ಟ್ ಹೊವಾರ್ಡ್ ಎಂಬ ಸಸ್ಯವಿಜ್ಞಾನಿ 1924ರಲ್ಲಿ ಇಂದೂರಿನ ಸಸ್ಯೋದ್ಯಮ ಸಂಸ್ಥೆಯ ನಿರ್ದೇಶಕರಾದರು. ಹೋಳ್ಕರ್ ಸಂಸ್ಥಾನವು ಅದಕ್ಕೆ ಭೂಮಿ ಕೊಟ್ಟಿತ್ತು. ಅಲ್ಲಿ ಅವರು ಮತ್ತು ಅವರ ಸಹೋದ್ಯೋಗಿ ಯಶವಂತ ವಾಡ್ ಅವರು ಸೇರಿ ಬೆಳೆಯ ಉಳಿಕೆ, ಕಳೆ, ತರಗೆಲೆ, ಸಗಣಿ, ಗೋಮೂತ್ರ ನೆನೆದ ಮಣ್ಣು ಹಾಗೂ ಬೂದಿಯನ್ನು ಪದರ ಪದರವಾಗಿ ಹಾಕಿ, ನೀರು ಚಿಮುಕಿಸಿ, ನಿಗದಿತ ಅಂತರದಲ್ಲಿ ಮಗುಚಿ, ಮೂರು ತಿಂಗಳಲ್ಲಿ ಕಪ್ಪನೆಯ ಪುಡಿಗೊಬ್ಬರ ಮಾಡುವ ಕ್ರಮವನ್ನು ರೂಪಿಸಿದರು. 1931ರಲ್ಲಿ ಅವರ ಪುಸ್ತಕ ಹೊರಬಂದಿತು. ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆಗಳಂಥ ಗಟ್ಟಿ ಪದಾರ್ಥ ಬೇಗ ಕೊಳೆಯುವುದಿಲ್ಲವಲ್ಲ? ಅದಕ್ಕೆ ಹೊವಾರ್ಡರು ಮಾಡಿದ ಉಪಾಯ ನನಗೆ ಬಹಳ ಹಿಡಿಸಿತು. ಅವನ್ನು ತೋಟದ ರಸ್ತೆಗಳ ಮೇಲೆ ಹರಡಿಬಿಡುತ್ತಿದ್ದರು. ಗಾಡಿಯ ಗಾಲಿ, ಎತ್ತಿನ ಗೊರಸುಗಳ ಕೆಳಗೆ ಅವು ತಾವಾಗಿಯೇ ನುಗ್ಗಾಗುತ್ತಿದ್ದವು. ನಮ್ಮ ರೈತರು ರಾಶಿ ಮಾಡಲು ಬೆಳೆಯನ್ನು ಡಾಂಬರು ರಸ್ತೆಗೆ ಹರಡುವುದನ್ನು ಕಂಡಾಗಲೆಲ್ಲ ನನಗೆ ಹೊವಾರ್ಡರ ನೆನಪಾಗುತ್ತದೆ. (ವಾಹನ ಸವಾರರ ಬೈಗುಳ ಬೇರೆ ವಿಷಯ.)

ಹೊವಾರ್ಡರ ಕ್ರಮವನ್ನು ಸರಕಾರಿ ತೋಟಗಳು ಬೇಗ ಹಿಡಿದವು. ಬಂಗಾಲದ ಗವರ್ನರರ ತೋಟಗಳ ಮೇಲ್ವಿಚಾರಕರಾಗಿದ್ದ ವಾಟ್ಸನ್ ಎಂಬವರು 1930ರ ದಶಕದಲ್ಲಿ ಆ ಪದ್ಧತಿಯನ್ನು ಅಲ್ಲಿ ನಡೆಸಿ ತೋರಿಸಿದರು. ಕೆರೆಗಳನ್ನು ಮುಚ್ಚಿಬಿಡುವ ಅಂತರಗಂಗೆಯೂ ಗೊಬ್ಬರವಾಯಿತು. ಇಂದು ಇಚಲಕರಂಜಿಯ ಬಳಿ ಪಂಚಗಂಗೆಯಲ್ಲಿ ಬೇಸಿಗೆಗೆ ಹಬ್ಬುವ ಅಂತರಗಂಗೆಯನ್ನು ನೋಡಿದವರಿಗೆ ಇದರ ಬೆಲೆ ತಿಳಿದೀತು. ಆ ನದಿ ಕೂಡಿಕೊಳ್ಳುವುದು ನಮ್ಮ ಕೃಷ್ಣೆಯನ್ನೇ.

ಇಂದೂರಿನ ಸಂಸ್ಥೆ ಆರಂಭವಾದ 1924ನೇ ಇಸವಿಯ ಕೊನೆಯಲ್ಲಿಯೇ, ಡಿಸೆಂಬರ್‌ನಲ್ಲಿ, ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನವದು. ಇದನ್ನು ನಾನು ತರಗತಿಯಲ್ಲಿ ಪ್ರತಿವರ್ಷ ಹೇಳುತ್ತಿದ್ದೆ. ಹೇಳಲು ಸಮಯ ಸಾಲದೆ ಬಿಟ್ಟದ್ದು ಅಲ್ಲಿಯ ನೈರ್ಮಲ್ಯದ ಕತೆ. ಕಾಕಾ ಕಾಲೇಲಕರರ ಮುಂದಾಳುತನದಲ್ಲಿ ಮೇಲ್ಜಾತಿಯ ತರುಣರೂ ಸೇರಿದಂತೆ ಸ್ವಯಂಸೇವಕರು ಶಿಬಿರದ ಪಾಯಖಾನೆಗಳನ್ನು ತಾವೇ ಶುಚಿ ಮಾಡಿದರು. ಇದಾದ ನಾಲ್ಕೇ ತಿಂಗಳಿಗೆ, 1925ರ ಏಪ್ರಿಲ್‌ನಲ್ಲಿ, ಅಲ್ಲಿಂದ ಎಪ್ಪತ್ತು ಎಂಬತ್ತು ಕಿಲೋಮೀಟರು ದೂರದ ನಮ್ಮ ನಿಪ್ಪಾಣಿಯಲ್ಲಿ ಅಸ್ಪೃಶ್ಯರ ಪ್ರಾಂತೀಯ ಪರಿಷತ್ತು ಸೇರಿತು; ಡಾ. ಅಂಬೇಡ್ಕರರು ಅಲ್ಲಿಗೆ ಬಂದಿದ್ದರು. ಬೆಳಗಾವಿಯಲ್ಲಿ ಕೆಲದಿನ ಪೊರಕೆ ಹಿಡಿದವರು ಆದರ್ಶಕ್ಕಾಗಿ ಹಿಡಿದರು. ಹುಟ್ಟಿನ ಕಾರಣಕ್ಕೆ ಪೊರಕೆ ಕೈಗೆ ಬಂದವರು ನಿಪ್ಪಾಣಿಯ ಸಭೆಯವರ ಬಂಧುಗಳಾಗಿದ್ದರು. ಗೊಬ್ಬರದ ಇತಿಹಾಸ ಬರೆಯುವಾಗ ಈ ಎರಡು ಸಭೆಗಳನ್ನು ಬೇರೆ ಬೇರೆಯಾಗಿ ನೋಡುವುದು ನನಗೆ ಸರಿಯೆನಿಸುವುದಿಲ್ಲ.

ಇನ್ನು ಬೆಂಗಳೂರಿಗೆ ಬರೋಣ. ಭಾರತೀಯ ವಿಜ್ಞಾನ ಮಂದಿರದಲ್ಲಿ ಗಿಲ್ಬರ್ಟ್ ಫೌಲರ್ ಎಂಬ ಜೀವರಸಾಯನ ವಿಜ್ಞಾನಿ ಊರಿನ ಕಸ ಮತ್ತು ಮಲಿನ ನೀರಿನಲ್ಲಿರುವ ಸಾರಜನಕವನ್ನು ಉಳಿಸುವ ಪ್ರಯೋಗಗಳಿಗೆ ಅಡಿಪಾಯ ಹಾಕಿದ್ದರು. ಅದೇ ಸಂಸ್ಥೆಯಲ್ಲಿ ಡಾ. ಸಿ. ಎನ್. ಆಚಾರ್ಯ ಅವರು 1939ರಲ್ಲಿ ಒಂದು ಕ್ರಮವನ್ನು ಸಿದ್ಧಪಡಿಸಿದರು. ಲೋಕದಾದ್ಯಂತ ಪುಸ್ತಕಗಳಲ್ಲಿ ಅದರ ಹೆಸರು ‘ಬೆಂಗಳೂರು ಪದ್ಧತಿ’. ಸುಮಾರು ಮೂರು ಅಡಿ ಆಳದ ಉದ್ದನೆಯ ಕಂದಕ. ಅದರಲ್ಲಿ ಊರ ಕಸ ಮತ್ತು ತರಗೆಲೆಯ ದಪ್ಪ ಪದರ, ಅದರ ಮೇಲೆ ಮಲ ಅಥವಾ ಸಗಣಿಯ ತೆಳುವಾದ ಪದರ, ಮತ್ತೆ ಕಸ, ಹೀಗೆ ನೆಲಮಟ್ಟಕ್ಕಿಂತ ತುಸು ಎತ್ತರದವರೆಗೆ ತುಂಬಿ ಮಣ್ಣು ಮುಚ್ಚಿಬಿಡುವುದು. ಮಗುಚುವಂತಿಲ್ಲ, ನೀರು ಹಾಕುವಂತಿಲ್ಲ. ಮೊದಲ ಕೆಲದಿನಗಳಲ್ಲಿ ಒಳಗಿನ ಕಾವು ಏರಿ ನೊಣದ ಮರಿಗಳೂ ರೋಗಾಣುಗಳೂ ಸಾಯುತ್ತವೆ. ಆಮೇಲೆ ಗಾಳಿಯಿಲ್ಲದ ಕಂದಕದಲ್ಲಿ ನಿಧಾನವಾಗಿ ಕೊಳೆತು ಆರರಿಂದ ಎಂಟು ತಿಂಗಳಲ್ಲಿ ಗೊಬ್ಬರ ಸಿದ್ಧ.

ಇಂದೂರು ಬೇಗ, ಬೆಂಗಳೂರು ನಿಧಾನ. ಆದರೆ ಇಂದೂರಿನದಕ್ಕೆ ಆಳು ಬೇಕು, ನೀರು ಬೇಕು. ನಿಪ್ಪಾಣಿಯಿಂದ ಪೂರ್ವಕ್ಕೆ ಹೊರಟು ಚಿಕ್ಕೋಡಿ, ರಾಯಬಾಗ ದಾಟಿ ಅಥಣಿ ಮುಟ್ಟುವಷ್ಟರಲ್ಲಿ ಮಳೆ ಕಡಿಮೆಯಾಗುತ್ತ ಹೋಗುವುದು ನಿಮಗೆಲ್ಲ ತಿಳಿದದ್ದೇ. ಕುಡಿಯುವ ನೀರಿಗೇ ಕೊಡ ಹಿಡಿದು ನಿಲ್ಲುವ ಊರಿನಲ್ಲಿ ತಿಪ್ಪೆಗೆ ನೀರು ಚಿಮುಕಿಸು ಎಂದರೆ ಯಾರು ಕೇಳಿಯಾರು? ಆಚಾರ್ಯರ ಪದ್ಧತಿಯ ಜಾಣತನ ಇಲ್ಲಿದೆ. ಬಡ ಪುರಸಭೆಯೂ ಮಾಡಬಹುದಾದದ್ದು ಅದು.

ಕಾಲವೂ ಕೂಡಿಬಂದಿತು. ಎರಡನೆಯ ಮಹಾಯುದ್ಧ, 1942–43ರಲ್ಲಿ ನಮ್ಮ ನೆರೆಯ ವಿಜಾಪುರ ಜಿಲ್ಲೆಯ ಬರ, 1943ರ ಬಂಗಾಲದ ಕ್ಷಾಮ, ಇವುಗಳ ನಡುವೆ ಸರಕಾರವು ‘ಹೆಚ್ಚು ಆಹಾರ ಬೆಳೆಯಿರಿ’ ಎಂಬ ಆಂದೋಲನವನ್ನು ಆರಂಭಿಸಿತು. ರಾಸಾಯನಿಕ ಗೊಬ್ಬರ ದೇಶದಲ್ಲಿ ಇಲ್ಲವೆಂಬಷ್ಟು ಕಡಿಮೆ. ಇದ್ದದ್ದು ಊರ ಕಸವೊಂದೇ. ಪ್ರಾಂತಗಳ ಪುರಸಭೆಗಳು ಈ ಕ್ರಮದಿಂದ ಗೊಬ್ಬರ ಮಾಡಬೇಕೆಂಬ ಯೋಜನೆ ಹೊರಟಿತು. ಆಚಾರ್ಯರೇ ಅದಕ್ಕೆ ಮುಖ್ಯ ಜೀವರಸಾಯನ ತಜ್ಞರಾದರು. ಗಾಂಧೀಜಿಯವರಂತೂ 1935ರಷ್ಟು ಹಿಂದೆಯೇ ‘ಹರಿಜನ’ ಪತ್ರಿಕೆಯಲ್ಲಿ ಇಂದೂರು ಕ್ರಮದ ಬಗ್ಗೆ ಬರೆದಿದ್ದರು. ಅವರ ಶಿಷ್ಯೆ ಮೀರಾಬೆನ್ ಅವರ ಪ್ರೇರಣೆಯಿಂದ 1947ರ ಡಿಸೆಂಬರ್‌ನಲ್ಲಿ ದಿಲ್ಲಿಯಲ್ಲಿ ಅಖಿಲ ಭಾರತ ಕಾಂಪೋಸ್ಟ್ ಸಮ್ಮೇಳನ ನಡೆಯಿತು. ದೇಶ ಇಬ್ಭಾಗವಾಗಿ ನಿರಾಶ್ರಿತರು ದಿಲ್ಲಿಯ ತುಂಬ ಇದ್ದ ತಿಂಗಳದು! ಅಂಥ ಹೊತ್ತಿನಲ್ಲಿ ತಿಪ್ಪೆಯ ಕುರಿತು ಸಮ್ಮೇಳನವೇ ಎಂದು ಇಂದು ನಗಬಹುದು. ಆದರೆ ಹಸಿವನ್ನು ಕಂಡ ಆ ತಲೆಮಾರಿಗೆ ನಗುವ ವಿಷಯವಾಗಿರಲಿಲ್ಲ. 1952ರ ಅಕ್ಟೋಬರ್ 2ರಂದು ಆರಂಭವಾದ ಸಮುದಾಯ ಅಭಿವೃದ್ಧಿ ಕಾರ್ಯಕ್ರಮದಲ್ಲಿಯೂ ಗ್ರಾಮಸೇವಕರ ಮುಖ್ಯ ಕೆಲಸಗಳಲ್ಲೊಂದು ಗೊಬ್ಬರದ ಗುಂಡಿ ತೆಗೆಸುವುದೇ ಆಗಿತ್ತು.

ಆಗ ನಮ್ಮ ಪ್ರದೇಶ ಒಂದೇ ಆಡಳಿತದಲ್ಲಿರಲಿಲ್ಲ ಎಂಬುದನ್ನೂ ನೆನೆಯಬೇಕು. ಚಿಕ್ಕೋಡಿ, ಅಥಣಿಗಳು ಮುಂಬಯಿ ಸರಕಾರದವು. ರಾಯಬಾಗ ಕೊಲ್ಲಾಪುರ ಸಂಸ್ಥಾನದ್ದು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ನಿಪ್ಪಾಣಿ, ಕಾಗವಾಡಗಳು ಪ್ರತ್ಯೇಕ ತಾಲೂಕುಗಳಾದದ್ದು ತೀರ ಇತ್ತೀಚೆಗೆ. ರಾಜ್ಯ ಬದಲಾದರೂ ಊರಾಚೆಯ ಗೊಬ್ಬರದ ಕಂದಕ ಬದಲಾಗಲಿಲ್ಲ.

ನನ್ನ ಬಾಲ್ಯದ ಪಟ್ಟಣದಲ್ಲಿ ಅಂಥದೊಂದು ಜಾಗವಿತ್ತು. ಪಟ್ಟಣದ ಹೆಸರು ಬೇಡ. ಜಾಲಿಯ ಮರಗಳ ನಡುವೆ ಉದ್ದುದ್ದ ದಿಬ್ಬಗಳು. ಬೇಸಿಗೆಯಲ್ಲಿ ಅವನ್ನು ಬಗೆದು ಲಿಲಾವು ಮಾಡುತ್ತಿದ್ದರು. ರೈತರು ಗಾಡಿ ತಂದು ಒಯ್ಯುತ್ತಿದ್ದರು. ಆ ಖತ ಬಿದ್ದ ಹೊಲದಲ್ಲಿ ಬದನೆ, ಮೆಣಸಿನಕಾಯಿ ಸೊಗಸಾಗಿ ಬರುತ್ತಿದ್ದವೆಂದು ನಮ್ಮ ಅಜ್ಜ ಹೇಳುತ್ತಿದ್ದರು. ಆದರೆ ಖತವಾಗುವ ಮುಂಚೆ ಅದು ಆ ಕಂದಕಕ್ಕೆ ಬರುತ್ತಿದ್ದ ಬಗೆಯನ್ನು ನಾವು ಹುಡುಗರು ದಿನವೂ ನೋಡುತ್ತಿದ್ದೆವು. ನಸುಕಿನಲ್ಲಿ ಮನೆಗಳ ಹಿಂಬದಿಯ ಕಿರು ಓಣಿಗಳಲ್ಲಿ ಹೆಂಗಸರು ತಗಡಿನ ಡಬ್ಬಿ ಹೊತ್ತು ಬರುವರು. ಮಳೆಗಾಲದಲ್ಲಿ ಅದು ಸೋರಿ ಅವರ ಮೈಮೇಲೆ ಇಳಿಯುತ್ತಿತ್ತು. ಅವರು ಬಂದರೆಂದು ನಮ್ಮನ್ನು ಒಳಕ್ಕೆ ಕರೆದು ಬಾಗಿಲು ಹಾಕುತ್ತಿದ್ದರು. ಅವರಿಗೆ ನೀರನ್ನು ಮೇಲಿನಿಂದ ಸುರಿಯುತ್ತಿದ್ದರು. ‘ಬೆಂಗಳೂರು ಪದ್ಧತಿ’ಯ ಎರಡನೆಯ ಪದರವೆಂದು ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಬರುವುದು ಇದೇ.

ಆಚಾರ್ಯರ ವಿಜ್ಞಾನದಲ್ಲಿ ದೋಷವಿರಲಿಲ್ಲ. ರೋಗಾಣು ಸಾಯುವ ಕಾವು ಎಷ್ಟು, ಸಾರಜನಕ ಉಳಿಯುವ ಪ್ರಮಾಣ ಎಷ್ಟು ಎಂಬುದೆಲ್ಲ ಅಚ್ಚುಕಟ್ಟಾಗಿತ್ತು. ಆ ಪದರವನ್ನು ಕಂದಕದವರೆಗೆ ಹೊತ್ತು ತರುವವರು ಯಾರು ಎಂಬ ಪ್ರಶ್ನೆಗೆ ಮಾತ್ರ ಜಾತಿಯೇ ಉತ್ತರವಾಗಿತ್ತು. ಅದಕ್ಕೆ ಬೇರೆ ಉತ್ತರ ಹುಡುಕುವ ಗೋಜಿಗೆ ಪುರಸಭೆಗಳು ಹೋಗಲಿಲ್ಲ. ನಮ್ಮ ರಾಜ್ಯದಲ್ಲಿ ದೇವರಾಜ ಅರಸರ ಸಂಪುಟದಲ್ಲಿ ಪೌರಾಡಳಿತ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಎಪ್ಪತ್ತರ ದಶಕದ ಆರಂಭದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಅನೇಕರು ಅವರನ್ನು ‘ಬೂಸಾ’ ಪ್ರಕರಣದಿಂದ ಮಾತ್ರ ನೆನೆಯುತ್ತಾರೆ. ನನ್ನ ಮಟ್ಟಿಗೆ ಆ ಆಜ್ಞೆಯೇ ಅವರ ದೊಡ್ಡ ಕೆಲಸ. ಕೇಂದ್ರದ ಕಾಯಿದೆ ಬಂದದ್ದು 1993ರಲ್ಲಿ. ಅದೂ ಸಾಲದೆ 2013ರಲ್ಲಿ ಇನ್ನೊಂದು. ಈ ನಡುವೆ, 2010ರ ಜುಲೈಯಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನ ಭಂಗಿ ಕುಟುಂಬಗಳವರು ತಾವು ವಾಸಿಸುತ್ತಿದ್ದ ಜಾಗದಿಂದ ಎಬ್ಬಿಸುವುದನ್ನು ವಿರೋಧಿಸಿ ಮಲವನ್ನು ತಮ್ಮ ಮೈಮೇಲೆ ಸುರಿದುಕೊಂಡರು. ಪತ್ರಿಕೆಯಲ್ಲಿ ಆ ಚಿತ್ರ ಬಂದ ದಿನ ನಾನು ಹತ್ತನೆಯ ತರಗತಿಗೆ ಸಮಾಜ ಸುಧಾರಣಾ ಚಳವಳಿಗಳ ಪಾಠ ಮಾಡಬೇಕಾಗಿತ್ತು. ಪತ್ರಿಕೆಯನ್ನೇ ಓದಿಸಿದೆ. ಆ ತರಗತಿಯವರು ಇದನ್ನು ಓದುತ್ತಿದ್ದರೆ ಅವರಿಗೆ ನೆನಪಾದೀತು.

ಮಲ ಹೊರುವುದು ನಿಂತಿದ್ದು ನ್ಯಾಯ. ಅದರೊಡನೆ ಗೊಬ್ಬರ ಮಾಡುವುದೂ ನಿಂತದ್ದು ಮಾತ್ರ ಅನಗತ್ಯ ನಷ್ಟ. ಎಲೆಗೂ ಕಾಯಿಪಲ್ಲೆಯ ಕಸಕ್ಕೂ ಯಾರ ತಲೆಯೂ ಬೇಕಿರಲಿಲ್ಲ, ಸಗಣಿ ಸಾಕಿತ್ತು. ಆದರೆ ಅಷ್ಟರಲ್ಲಿ ಯೂರಿಯಾ ಚೀಲಗಳು ಸಹಾಯಧನದ ಬೆಲೆಗೆ ಸೊಸಾಯಿಟಿಗೆ ಬಂದಿದ್ದವು. ಟ್ರ್ಯಾಕ್ಟರು ಬಂದು ಎತ್ತುಗಳು ಕಡಿಮೆಯಾದವು. ಎಲ್ಲಕ್ಕಿಂತ ಮಿಗಿಲಾಗಿ ಪ್ಲ್ಯಾಸ್ಟಿಕ್ ಬಂದಿತು. ಗಾಜಿನ ಚೂರು, ಸೂಜಿ, ಕ್ಯಾರಿ ಬ್ಯಾಗು ತುಂಬಿದ ಪುರಸಭೆಯ ಗೊಬ್ಬರವನ್ನು ಒಮ್ಮೆ ಹಾಕಿಸಿದ ರೈತ ಎರಡನೆಯ ಸಲ ಬರಲಿಲ್ಲ. ಅವನ ತಪ್ಪೇನು? ಬರಿಗಾಲಿನಲ್ಲಿ ಹೊಲಕ್ಕಿಳಿಯುವವನು ಅವನು. ಹೀಗೆ ಗೊಬ್ಬರದ ಡೆಪೋ ಬರಬರುತ್ತ ಕಸದ ಡೆಪೋ ಆಯಿತು; ನೆಲ ಅದೇ.

ಇದಕ್ಕೆ ಪರಿಹಾರವೆಂದು ರಾಜ್ಯ ಸರಕಾರವು 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವನ್ನು ಸ್ಥಾಪಿಸಿ ಬೆಂಗಳೂರಿನ ಹರಳುಕುಂಟೆಯ ಬಳಿ ಗೊಬ್ಬರದ ಘಟಕ ತೆರೆಯಿತು. ದೇಶಕ್ಕೇ ಮೊದಲ ಪ್ರಯತ್ನಗಳಲ್ಲೊಂದು. ಆಗ ಅದು ಊರ ಹೊರಗಿತ್ತು. ಮುಂದೆ ಬಡಾವಣೆಗಳು ಅದರ ಸುತ್ತ ಬೆಳೆದವು, ಅನಂತರ ದುರ್ವಾಸನೆಯ ದೂರುಗಳೂ ಬೆಳೆದವು. ಅತ್ತ ನಗರದ ಮಿಶ್ರ ಕಸವೆಲ್ಲ ಮಾವಳ್ಳಿಪುರ, ಮಂಡೂರುಗಳಂಥ ಹಳ್ಳಿಗಳಿಗೆ ಹೋಗಿ ಬಿತ್ತು. ಹಳ್ಳಿಗರು ರಸ್ತೆಗಿಳಿದು ಲಾರಿ ತಡೆದ ಮೇಲೆ 2012ರಲ್ಲಿ ಮಾವಳ್ಳಿಪುರಕ್ಕೂ, 2014ರ ಕೊನೆಗೆ ಮಂಡೂರಿಗೂ ಕಸ ಹೋಗುವುದು ನಿಂತಿತು. ಸಾರ್ವಜನಿಕ ಭೂಮಿ ಎಂದರೆ ಯಾರದೂ ಅಲ್ಲದ ಭೂಮಿ ಎಂಬ ತಿಳಿವಳಿಕೆಯಿಂದ ಇಂಥವು ಆಗುತ್ತವೆ. ಗಾಯರಾಣ ಯಾರದೂ ಅಲ್ಲದ್ದಲ್ಲ, ಊರಿನವರೆಲ್ಲರದು. ಗ್ರಾಮಗಳ ಸಾರ್ವಜನಿಕ ಜಮೀನನ್ನು ಕಾಪಾಡಬೇಕೆಂದು ಸರ್ವೋಚ್ಚ ನ್ಯಾಯಾಲಯವೇ 2011ರ ಜಗಪಾಲ ಸಿಂಗ್ ಮೊಕದ್ದಮೆಯಲ್ಲಿ ಹೇಳಿದೆ.

ಕಾನೂನಿನ ಕತೆಯನ್ನು ಚಿಕ್ಕದಾಗಿ ಮುಗಿಸುತ್ತೇನೆ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಎಂಬ ಹಿರಿಯ ಮಹಿಳೆ 1996ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹಾಕಿದ ಅರ್ಜಿಯಿಂದಾಗಿ 2000ದಲ್ಲಿ ನಗರ ಘನತ್ಯಾಜ್ಯ ನಿಯಮಗಳು ಬಂದವು. 2016ರಲ್ಲಿ ಅವುಗಳ ಬದಲಿಗೆ ಬಂದ ನಿಯಮಗಳಲ್ಲಿ ನಮ್ಮ ವಿಷಯ ಸ್ಪಷ್ಟವಾಗಿ ಬಂದಿತು: ಉದ್ಯಾನಗಳ ಎಲೆ ಕಸವನ್ನು ಸ್ಥಳೀಯ ಸಂಸ್ಥೆಗಳು ಬೇರೆಯಾಗಿ ಸಂಗ್ರಹಿಸಿ, ಸಾಧ್ಯವಾದಷ್ಟೂ ಆ ಉದ್ಯಾನದಲ್ಲಿಯೇ ಗೊಬ್ಬರ ಮಾಡಬೇಕು ಎಂದು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅದೇ ಅಲ್ಮಿತ್ರಾ ಪಟೇಲರ ಮೊಕದ್ದಮೆಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ಬಯಲಿನಲ್ಲಿ ಕಸ ಸುಡುವುದನ್ನು ನಿಷೇಧಿಸಿ, ಸುಟ್ಟವರಿಗೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ಪರಿಹಾರ ಶುಲ್ಕ ವಿಧಿಸಿತು. ಅದೇ 2016ರಲ್ಲಿ ಕೇಂದ್ರವು ನಗರ ಗೊಬ್ಬರಕ್ಕೆ ಟನ್ನಿಗೆ 1,500 ರೂಪಾಯಿ ಸಹಾಯಧನವನ್ನೂ ಘೋಷಿಸಿತು. ಕಾಗದದ ಮೇಲೆ ಕೊರತೆ ಎಂಬುದಿಲ್ಲ.

ಹಾಗಾದರೆ ಸುಡುವುದೇಕೆ ನಿಲ್ಲಲಿಲ್ಲ? ಮಾಘ, ಫಾಲ್ಗುಣದಲ್ಲಿ ಬೇವು ಎಲೆ ಉದುರಿಸುವ ಹೊತ್ತಿಗೆ ನಮ್ಮ ಯಾವ ಪಟ್ಟಣದಲ್ಲಾದರೂ ಬೆಳಗಿನ ಆರು ಗಂಟೆಗೆ ಅಡ್ಡಾಡಿರಿ, ಕಚೇರಿಗಳ ಆವರಣದಲ್ಲಿ ಹೊಗೆ ಕಾಣುತ್ತದೆ. ಗುಡಿಸುವವರಿಗೆ ಅಂಗಳ ಚೊಕ್ಕಟವಾಗಿಡಿರೆಂಬ ಆಜ್ಞೆಯಿದೆ. ಎಲೆಯನ್ನು ಎಲ್ಲಿ ಹಾಕಬೇಕೆಂಬ ಆಜ್ಞೆಯಿಲ್ಲ, ಗುಂಡಿಯೂ ಇಲ್ಲ. ಇನ್ನೊಂದು ಕಾರಣ ಶಾಸ್ತ್ರದ್ದು. ಬರೀ ತರಗೆಲೆಯನ್ನು ಗುಡ್ಡೆ ಹಾಕಿದರೆ ಅದು ವರ್ಷವಾದರೂ ಹಾಗೆಯೇ ಇರುತ್ತದೆ. ಕೊಳೆಯಿಸುವ ಸೂಕ್ಷ್ಮಜೀವಿಗಳಿಗೆ ಮೂವತ್ತು ಪಾಲು ಇಂಗಾಲಕ್ಕೆ ಒಂದು ಪಾಲಿನಷ್ಟು ಸಾರಜನಕ ಬೇಕು. ಒಣಗಿದ ಎಲೆಯಲ್ಲಿ ಅಷ್ಟಿಲ್ಲ, ಕಬ್ಬಿನ ರವದಿಯಲ್ಲಂತೂ ತೀರ ಕಡಿಮೆ. ಸಗಣಿಯ ರಾಡಿಯನ್ನೋ ಹಸಿ ಕಳೆಯನ್ನೋ ನಡುನಡುವೆ ಹಾಕಿ ತೇವ ಕಾಯ್ದರೆ ಅದೇ ಎಲೆ ಒಂದು ಮಳೆಗಾಲದೊಳಗೆ ಮಣ್ಣಾಗುತ್ತದೆ. ಇದಿಷ್ಟು ತಿಳಿಯದ ಅಧಿಕಾರಿ, ಎಲೆ ಕೊಳೆಯುವುದೇ ಇಲ್ಲವೆಂದು ಬರೆದು ಕಡತ ಮುಚ್ಚುತ್ತಾನೆ.

ನಾನು ಸೇವೆ ಸಲ್ಲಿಸಿದ ಶಾಲೆಯೊಂದರಲ್ಲಿ ಸಮಾಜೋಪಯೋಗಿ ಉತ್ಪಾದಕ ಕಾರ್ಯದ ಅವಧಿಯಲ್ಲಿ ಆಟದ ಮೈದಾನದ ಮೂಲೆಗೆ ಎರಡು ಗುಂಡಿ ತೆಗೆದದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿದ್ದೀತು. ಒಂದು ಗುಂಡಿ ಈ ವರ್ಷಕ್ಕೆ, ಇನ್ನೊಂದು ಬರುವ ವರ್ಷಕ್ಕೆ. ಹುಡುಗರು ಸರದಿಯಂತೆ ಮನೆಯಿಂದ ಬಕೀಟಿನಲ್ಲಿ ಸಗಣಿ ತರುತ್ತಿದ್ದರು. ಯಾವ ಜಾತಿಯ ಹುಡುಗ ಗುಡಿಸುವುದು, ಯಾವ ಹುಡುಗಿ ಸಗಣಿ ಕಲೆಸುವುದು ಎಂಬ ಪ್ರಶ್ನೆ ಏಳದಂತೆ ಸರದಿಯನ್ನು ಹಾಜರಿ ಸಂಖ್ಯೆಯ ಪ್ರಕಾರವೇ ಹಾಕಿದ್ದೆ. ಒಬ್ಬ ಪಾಲಕರು ಬಂದು, ‘ಗುರುಗಳೇ, ನಮ್ಮ ಮಗನನ್ನು ಕಸ ಹೊರಲು ಕಳಿಸಿಲ್ಲ’ ಎಂದು ಜಗಳ ತೆಗೆದರು. ಅವರಿಗೆ ಆ ಗೊಬ್ಬರದ ಗುಲಾಬಿ ತೋರಿಸಿ ಸಮಾಧಾನ ಮಾಡಿದೆನೆಂದು ಹೇಳಿದರೆ ಕತೆ ಚೆನ್ನಾಗಿರುತ್ತದೆ. ನಡೆದದ್ದು ಹಾಗಲ್ಲ. ಅವರು ಸಿಟ್ಟಿನಿಂದಲೇ ಹೋದರು. ಹುಡುಗ ಮಾತ್ರ ಮರುದಿನ ಸಗಣಿ ತಂದ.

ಅಮೇರಿಕದಲ್ಲಿ ನೆಲೆಸಿರುವ ನನ್ನ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಮಾತನಾಡುವಾಗ, ಅಲ್ಲಿ ಶರತ್ಕಾಲದಲ್ಲಿ ಮನೆಯವರೇ ಎಲೆಗಳನ್ನು ಕಾಗದದ ದೊಡ್ಡ ಚೀಲಗಳಲ್ಲಿ ತುಂಬಿ ರಸ್ತೆಯಂಚಿಗೆ ಇಡುತ್ತಾರೆ, ನಗರಸಭೆ ಒಯ್ದು ಗೊಬ್ಬರ ಮಾಡುತ್ತದೆ ಎಂದು ವರ್ಣಿಸಿದ. ವಿಚಾರಿಸಿ ನೋಡಿದೆ. 1990ರ ಆಸುಪಾಸಿನಿಂದ ಅಲ್ಲಿಯ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಅಂಗಳದ ಎಲೆ ಹುಲ್ಲನ್ನು ಕಸದ ಗುಂಡಿಗೆ ಹಾಕುವುದನ್ನು ಕಾನೂನಿನಿಂದ ತಡೆದವು. 2018ರಲ್ಲಿ ಆ ದೇಶದ ಅಂಗಳಗಳಿಂದ ಬಂದ ಸುಮಾರು 3.5 ಕೋಟಿ ಟನ್ ಎಲೆ ಹುಲ್ಲಿನಲ್ಲಿ ಸುಮಾರು 2.2 ಕೋಟಿ ಟನ್ ಗೊಬ್ಬರದ ದಾರಿ ಹಿಡಿಯಿತು. ಅವರಲ್ಲಿ ಇದು ಸಾಧ್ಯವಾದದ್ದು ಸಂಸ್ಕಾರದ ಬಲದಿಂದ ಎಂದು ನಾನು ನಂಬುವುದಿಲ್ಲ. ಎಲೆಯನ್ನು ಕಸದೊಡನೆ ಬೆರೆಸಗೊಡಲಿಲ್ಲ, ಒಯ್ಯುವ ಗಾಡಿ ಗೊತ್ತಾದ ದಿನ ಬಂದಿತು, ಅಷ್ಟೇ.

ನಮ್ಮ ಐದು ತಾಲೂಕುಗಳಲ್ಲಿ ಇದರ ಅವಶ್ಯಕತೆ ಅಲಂಕಾರಕ್ಕಲ್ಲ. ಕೃಷ್ಣೆ, ದೂಧಗಂಗೆ, ವೇದಗಂಗೆ, ಘಟಪ್ರಭೆಗಳ ನೀರು ಬಂದು ಕಬ್ಬು ಬಂದಿತು; ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಉಗಾರ ಎಲ್ಲೆಡೆ ಸಕ್ಕರೆ ಕಾರ್ಖಾನೆಗಳು ಎದ್ದವು. ಅತಿ ನೀರು, ಅತಿ ರಾಸಾಯನಿಕಗಳಿಂದ ನದಿಯಂಚಿನ ಎರೆ ಹೊಲಗಳು ಸವಳು-ಜವಳಾಗಿ ಬೆಳ್ಳಗೆ ಉಪ್ಪು ಕಾರುವುದನ್ನು ನೀವು ಕಂಡಿದ್ದೀರಿ. ಅಂಥ ನೆಲಕ್ಕೆ ನೀರು ಬಸಿಯುವ ಕಾಲುವೆಯೂ ಬೇಕು, ಕೊಳೆತ ಎಲೆಯೂ ಬೇಕು. ಕಾರ್ಖಾನೆಗಳ ಮಡ್ಡಿಯಿಂದ ಗೊಬ್ಬರವಾಗುತ್ತಿರುವುದು ಒಳ್ಳೆಯದೇ. ಹೊಲದ ರವದಿಗೆ ಮಾತ್ರ ಇನ್ನೂ ಬೆಂಕಿ ಬೀಳುತ್ತದೆ. ರೈತನನ್ನು ಸುಡಬೇಡವೆನ್ನುವ ಸರಕಾರವು ತನ್ನ ತಹಸೀಲ ಕಚೇರಿಯ ಬೇವಿನೆಲೆಯನ್ನು ಸುಡುತ್ತಿದ್ದರೆ ಅವನು ಯಾವ ಮುಖ ನೋಡಿ ಕೇಳಬೇಕು?

ಯವತಮಾಳ ಜಿಲ್ಲೆಯ ಪುಸದದ ಗಾಂಧಿವಾದಿ ನಾರಾಯಣ ದೇವತಾವ ಪಾಂಢರಿಪಾಂಡೆಯವರು ರೂಪಿಸಿದ, ಅವರ ಹೆಸರಿನ ಮೊದಲಕ್ಷರಗಳಿಂದಲೇ ‘ನಾಡೆಪ್’ ಎನಿಸಿಕೊಂಡ ಇಟ್ಟಿಗೆಯ ಕಿಂಡಿ ತೊಟ್ಟಿಯನ್ನು ಉದ್ಯೋಗ ಖಾತರಿಯಲ್ಲಿ ಕಟ್ಟಿಸಿದ ಊರುಗಳಿವೆ. ಹತ್ತು ಅಡಿ ಉದ್ದ, ಆರು ಅಡಿ ಅಗಲ, ಮೂರು ಅಡಿ ಎತ್ತರ. ಸಗಣಿ ಸ್ವಲ್ಪ, ಎಲೆ ಬಹಳ. ನಮ್ಮಂಥ ಎಲೆ ಹೆಚ್ಚು, ದನ ಕಡಿಮೆಯಾದ ಊರಿಗೆ ತಕ್ಕದ್ದು. ನನ್ನ ಶಿಷ್ಯರಲ್ಲಿ ಹಲವರು ಇಂದು ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳು, ಮುಖ್ಯೋಪಾಧ್ಯಾಯರು, ಪುರಸಭೆಯ ಆರೋಗ್ಯ ನಿರೀಕ್ಷಕರು ಆಗಿದ್ದೀರಿ. ನಿಮ್ಮ ಆವರಣದಲ್ಲಿ ಅಂಥ ತೊಟ್ಟಿಯಿದ್ದರೆ ಅದರಲ್ಲಿ ಈಗ ಏನಿದೆ, ಕೊನೆಯ ಸಲ ಗೊಬ್ಬರ ತೆಗೆದದ್ದು ಯಾವಾಗ, ಯಾರು ಒಯ್ದರು, ತುಂಬಿದವರಿಗೆ ಕೈಗವಸು ಕೊಟ್ಟಿರುವಿರೋ ಇಲ್ಲವೋ ಎಂಬುದನ್ನು ನನಗೆ ಬರೆದು ತಿಳಿಸಿರಿ. ಬೇವಿನ ಎಲೆ ಉದುರುವುದಕ್ಕೆ ಮುಂಚೆ ಬರೆದರೆ ಒಳ್ಳೆಯದು.